ಬ್ಯಾರಲ್ ಮುಚ್ಚಳದ ಚುಕ್ಕಿ

ನನ್ನ ಹೆಂಡತಿಯ ಜೊತೆ ವಾದಕ್ಕಿಳಿದು ಗೆದ್ದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ನಾನಂತೂ ಮದುವೆಯಾದ ವರ್ಷವೇ ಆ ಆಸೆ ಕೈಬಿಟ್ಟೆ. ಬಸ್ ಕಂಡಕ್ಟರ್ ಆಗಿದ್ದವನು ನಾನು. ಚಿಲ್ಲರೆಗೆ ಜಗಳ ತೆಗೆದವರು, ಮಗುವಿನ ವಯಸ್ಸು ಇಳಿಸಿ ಹೇಳಿದವರು, ಟಿಕೆಟ್ ಕೇಳಿದ ಕೂಡಲೇ ನಿದ್ದೆ ಹೋದವರು, ಎಲ್ಲರನ್ನೂ ದಾರಿಗೆ ತಂದವನು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಅವಳದು ಜೋರು ಬಾಯಿ ಎಂದಲ್ಲ. ಅವಳು ಹೇಳಿದ್ದು ಸರಿಯಾಗಿರುತ್ತಿತ್ತು, ಅದೇ ದೊಡ್ಡ ತಲೆನೋವು. ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಬಂದೆ ಎಂದು ನಾನು ಹಣೆ ಚಚ್ಚಿಕೊಂಡರೆ ಅವಳು ತಲೆ ಕೂಡ ಎತ್ತದೆ, ಬಾಗಿಲ ಹಿಂದೆ ನೋಡಿ ಎನ್ನುತ್ತಿದ್ದಳು. ಹೋಗಿ ನೋಡಿದರೆ ಕೊಡೆ ಅಲ್ಲೇ ನಿಂತಿರುತ್ತಿತ್ತು.

ಅವಳದು ಗಡಿಯಾರ ರಿಪೇರಿ ಕೆಲಸ. ಬೀದಿಗೆಲ್ಲ ಅವಳು ವಾಚಿನಮ್ಮ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ತಾಗಿಸಿಟ್ಟ ಎತ್ತರದ ಮೇಜು, ಅದರ ಅಂಚಿಗೆ ಮೊಳೆ ಹೊಡೆದ ಒಂದು ಬಿಳಿ ಬಟ್ಟೆ. ಆ ಬಟ್ಟೆಯ ಇನ್ನೊಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತಾಳೆ, ಚಿಮಟದಿಂದ ಜಾರಿದ್ದು ನೆಲಕ್ಕೆ ಬೀಳದೆ ಮಡಿಲಿಗೆ ಬೀಳಲಿ ಎಂದು. ಕೆಲಸ ಕಲಿಸಿದವರು ಅವಳ ಅಪ್ಪ. ಗಂಡುಮಕ್ಕಳಿರಲಿಲ್ಲ, ಅದಕ್ಕೇ ಮಗಳಿಗೆ ಕಲಿಸಿದರು ಎಂದು ಜನ ಹೇಳುವುದುಂಟು. ಶುದ್ಧ ಸುಳ್ಳು. ಇಬ್ಬರು ಅಣ್ಣಂದಿರಿದ್ದರು. ಒಬ್ಬನಿಗೆ ಕೈ ನಡುಗುತ್ತಿತ್ತು, ಇನ್ನೊಬ್ಬನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇವಳು ಕೂತಳು. ಶುರುವಿನಲ್ಲಿ ಗಿರಾಕಿಗಳು ಬಂದು, ಮೇಜಿನ ಮುಂದೆ ಕೂತವಳನ್ನೇ ನೋಡುತ್ತಾ, "ಯಾರೂ ಇಲ್ವೇನಮ್ಮ?" ಎಂದು ಕೇಳುತ್ತಿದ್ದರಂತೆ. ಇವಳು, "ಯಾರೂ ಇಲ್ಲ, ನಾನೊಬ್ಬಳೇ ಇರೋದು. ಸಾಕಾ?" ಎನ್ನುತ್ತಿದ್ದಳಂತೆ.

ಮಾವನವರ ಕೊನೆಗಾಲದ ಸುದ್ದಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಮನುಷ್ಯ ಕಣ್ಣು ಮುಚ್ಚಿಕೊಂಡು ವಾಚು ಜೋಡಿಸಬಲ್ಲವರು. ಕೊನೆಯ ಎರಡು ವರ್ಷ ಮನೆಯ ಗೋಡೆ ಗಡಿಯಾರವನ್ನು ಇಳಿಸಿ, ಬಿಚ್ಚಿ, ಚಕ್ರಗಳನ್ನೆಲ್ಲ ಸಾಲಾಗಿ ಇಟ್ಟು, "ಇದು ಯಾರ ಮನೇದಮ್ಮ? ಅವರು ಬಂದು ಕೇಳಿದ್ರೆ ಏನು ಹೇಳೋದು?" ಎಂದು ಮಗಳನ್ನು ಕೇಳುತ್ತಿದ್ದರು. ಅವಳು ಜೋಡಿಸಿ ಮತ್ತೆ ಗೋಡೆಗೆ ತೂಗುಹಾಕುತ್ತಿದ್ದಳು. ಅವರು ಮತ್ತೆ ಇಳಿಸುತ್ತಿದ್ದರು. ಅವಳು ಆಗ ಒಮ್ಮೆಯೂ ಅತ್ತವಳಲ್ಲ. ಆದರೆ ಅವರು ಹೋದ ಮೇಲೆ ತನ್ನ ಕನ್ನಡಕ ಎಲ್ಲಿಟ್ಟೆ ಎಂದು ಅರೆಗಳಿಗೆ ಹೊಳೆಯದಿದ್ದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಕನ್ನಡಕ ಕಳೆದುಕೊಳ್ಳುವವನು, ಇದಕ್ಕೆಲ್ಲ ಹೆದರುತ್ತಾರಾ ಎಂದು ನಗುತ್ತಿದ್ದೆ.

ಈಗ ವಾಚಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ಬೀದಿಯ ನರ್ಸಮ್ಮ ಒಂದು ಜೇಬು ಗಡಿಯಾರ ತಂದರು. ಬೆಳ್ಳಿಯದು, ಅಂಗೈ ತುಂಬುವಷ್ಟು ದೊಡ್ಡದು, ಬೇರೆಯೇ ಪುಟ್ಟ ಕೀಲಿಯಿಂದ ಕೀ ಕೊಡುವಂಥ ಹಳೇ ಕಾಲದ ಮಾಲು. ನರ್ಸಮ್ಮ ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಆದರೂ ಯಾರಾದರೂ ಕೈ ಕುಲುಕಿದರೆ ಅವರ ಬೆರಳು ತಾನಾಗಿ ನಾಡಿಯ ಮೇಲೆ ಹೋಗುತ್ತದೆ.

"ನಮ್ಮ ಮಾವನವರದು. ಆಮೇಲೆ ನಮ್ಮ ಯಜಮಾನ್ರು ಇಟ್ಕೊಂಡಿದ್ರು. ಅವರು ಹೋದ್ಮೇಲೆ ದಿನಾ ಬೆಳಿಗ್ಗೆ ನಾನೇ ಕೀ ಕೊಡ್ತಿದ್ದೆ," ಎಂದರು. "ನಿನ್ನೆ ಕೀ ಕೊಡೋವಾಗ ಒಳಗೆ ಪಟ್ ಅಂತು. ಈಗ ಕೀ ಸುಮ್ನೆ ತಿರುಗ್ತಾ ಇದೆ."

"ಸ್ಪ್ರಿಂಗ್ ಮುರಿದಿದೆ," ಎಂದಳು ನನ್ನ ಹೆಂಡತಿ, ಇನ್ನೂ ವಾಚನ್ನು ಮುಟ್ಟದೆ. "ಶನಿವಾರ ಬನ್ನಿ."

ಇಂಥ ಕೆಲಸ ಈಗ ಅವಳಿಗೆ ಬರುವುದೇ ಅಪರೂಪ. ದಿನವೆಲ್ಲ ಬ್ಯಾಟರಿ ಬದಲಾಯಿಸಿ, ಪಟ್ಟಿ ಹಾಕಿ ಬೇಸತ್ತವಳಿಗೆ ಹಬ್ಬವೇ ಬಂದ ಹಾಗಾಯಿತು. ನಾನು ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದೆ. ಅವಳು ಚಕ್ರಗಳನ್ನು ಒಂದೊಂದಾಗಿ ತೆಗೆದು ಗಾಜಿನ ಬಟ್ಟಲಲ್ಲಿಟ್ಟು, ಕೊನೆಗೆ ಬ್ಯಾರಲ್ ಹೊರತೆಗೆದಳು. ಬ್ಯಾರಲ್ ಎಂದರೆ ಮುಚ್ಚಳವಿರುವ ಒಂದು ಹಿತ್ತಾಳೆಯ ಡಬ್ಬಿ, ಸುತ್ತಲೂ ಹಲ್ಲು. ಅದರೊಳಗೆ ಸ್ಪ್ರಿಂಗ್ ಸುತ್ತಿಕೊಂಡು ಮಲಗಿರುತ್ತದೆ. ಕೀ ಕೊಟ್ಟರೆ ಬಿಗಿಯಾಗುತ್ತದೆ, ಬಿಚ್ಚಿಕೊಳ್ಳುತ್ತಾ ಗಡಿಯಾರವನ್ನು ಓಡಿಸುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ನನಗೂ ತಿಳಿದಿದೆ.

"ರೀ, ಒಂದು ನಿಮಿಷ ಬನ್ನಿ. ಇದನ್ನು ನೋಡಿ, ಚೆಂದ ಇದೆ," ಎಂದು ತನ್ನ ಐಗ್ಲಾಸ್ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಒತ್ತಿದಳು.

ಹೀಗೆ ಕರೆದಾಗಲೆಲ್ಲ ಹೋಗಿ ನೋಡುವುದು ನನ್ನ ಧರ್ಮ. ಸಾಮಾನ್ಯವಾಗಿ ನನಗೆ ಕಾಣುವುದು ನನ್ನದೇ ರೆಪ್ಪೆಗೂದಲು. ಆ ದಿನ ಮಾತ್ರ ಏನೋ ಕಂಡಿತು. ಬ್ಯಾರಲ್ ಮುಚ್ಚಳದ ಮೇಲೆ ಕೊತ್ತಂಬರಿ ಕಾಳಿನಷ್ಟು ಚಿಕ್ಕ ಉಕ್ಕಿನ ಚುಕ್ಕಿ, ಆಕಾಶದ ಚುಕ್ಕಿಯ ಆಕಾರದ್ದೇ. ಅಂಚುಗಳೆಲ್ಲ ಒಳಗೆ ಬಾಗಿದ್ದವು, ಒಂದು ಅಂಚು ಮಾತ್ರ ಹೊರಗೆ ಉಬ್ಬಿತ್ತು. ಹೂಂ, ಚೆನ್ನಾಗಿದೆ ಎಂದು ಹೇಳಿ ಪೇಪರಿಗೆ ಹಿಂತಿರುಗಿದೆ.

ಹೀಗೆಂದು ನಾನು ಹೇಳುತ್ತಿದ್ದೇನೆ. ಗಲಾಟೆ ಇರುವುದೇ ಇಲ್ಲಿ.

ಮಾರನೆಯ ದಿನ ಮುರಿದ ಸ್ಪ್ರಿಂಗ್ ತೆಗೆದಳು. ಹಳೇ ಸ್ಪ್ರಿಂಗ್‌ಗಳ ತಗಡಿನ ಡಬ್ಬ ಹುಡುಕಿ, ಅಗಲ ಅಳೆದು, ದಪ್ಪ ಅಳೆದು, ಒಂದನ್ನು ಆರಿಸಿದಳು. ಅದರ ಬಾಲವನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಿ ಮೆದು ಮಾಡಿ ಕೊಂಡಿ ಬಗ್ಗಿಸಿದಳು. ಬ್ಯಾರಲನ್ನೂ ಮುಚ್ಚಳವನ್ನೂ ಪೆಟ್ರೋಲಿನಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ, ಹಿತ್ತಾಳೆ ಹೊಸತರಂತೆ ಹೊಳೆಯುವ ಹಾಗೆ ಮಾಡಿದಳು. ಸ್ಪ್ರಿಂಗನ್ನು ಕೈಯಲ್ಲಿ ತುರುಕಿದರೆ ಅದು ಸೊಟ್ಟಗಾಗುತ್ತದೆ ಎಂದು ಅಪ್ಪನ ಕಾಲದ ಸಣ್ಣ ಯಂತ್ರದಲ್ಲಿ ಸುತ್ತಿ ಒಳಗೆ ಕೂರಿಸಿದಳು. ಮುಚ್ಚಳ ಒತ್ತಿದಾಗ ಕ್ಲಿಕ್ ಎಂದಿತು. ನೋಡುತ್ತಿದ್ದ ನನಗೇ ಸಮಾಧಾನವಾಯಿತು, ಅಂಥ ಕೈ ಅವಳದು.

ಶುಕ್ರವಾರ ಎಲ್ಲ ಜೋಡಿಸಿ, ವಾಚು ಟಿಕ್ ಟಿಕ್ ಎನ್ನತೊಡಗಿದ ಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು ನಾನೇ ಬಾಯಿ ತೆರೆದೆ. "ಆ ಚುಕ್ಕಿ ಎಲ್ಲಿ ಕೂರುತ್ತೆ? ಒಳಗಾ?"

"ಯಾವ ಚುಕ್ಕಿ?"

"ಮುಚ್ಚಳದ ಮೇಲಿತ್ತಲ್ಲ. ಮೊನ್ನೆ ತೋರಿಸಿದೆಯಲ್ಲ."

ಅವಳು ಐಗ್ಲಾಸ್ ಕಣ್ಣಿನಿಂದ ತೆಗೆದಳು. "ಇದರಲ್ಲಿ ಚುಕ್ಕಿ ಇರಲಿಲ್ಲ. ಇದಕ್ಕೆ ಚುಕ್ಕಿ ಇರ್ಬೇಕು, ಆದ್ರೆ ಹಿಂದೆ ಯಾರೋ ತೆಗೆದು ಬಿಸಾಕಿದ್ದಾರೆ. ನಾನು ನಿಮಗೆ ತೋರಿಸಿದ್ದು ಬೆರಳು."

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮುಚ್ಚಳದ ಮೇಲೆ ಒಂದು ಬೆರಳಿನಂಥ ತುಂಡು, ಒಂದು ಚುಕ್ಕಿ, ಎರಡೂ ಜೋಡಿ. ಕೀ ಒಂದು ಸುತ್ತು ತಿರುಗಿದರೆ ಬೆರಳು ಚುಕ್ಕಿಯನ್ನು ಒಂದು ಹೆಜ್ಜೆ ತಳ್ಳುತ್ತದೆ. ಉಬ್ಬಿದ ಅಂಚು ಎದುರಾದಾಗ ಮುಂದೆ ದಾರಿ ಇಲ್ಲ, ಕೀ ನಿಲ್ಲಬೇಕು. ಸ್ಪ್ರಿಂಗ್ ತೀರಾ ಬಿಗಿಯೂ ಆಗಬಾರದು, ತೀರಾ ಸಡಿಲವೂ ಆಗಬಾರದು ಎಂಬ ಏರ್ಪಾಡು. ಅದನ್ನು ಸರಿಯಾಗಿ ಕೂರಿಸುವುದು ರಗಳೆ. ಹಾಗಾಗಿ ಹಿಂದಿನ ರಿಪೇರಿಯವರು ಚುಕ್ಕಿಯನ್ನು ತೆಗೆದು ಎಸೆದು, ತೂತು ಖಾಲಿ ಕಾಣಬಾರದೆಂದು ಸ್ಕ್ರೂ ಮಾತ್ರ ಮತ್ತೆ ಹಾಕಿಬಿಡುತ್ತಿದ್ದರು. ಅದಿಲ್ಲದೆಯೂ ವಾಚು ಓಡುತ್ತದೆ. ಸ್ವತಃ ಮಾವನವರೇ ಎಷ್ಟೋ ವಾಚುಗಳ ಚುಕ್ಕಿ ಕಿತ್ತವರಂತೆ.

"ಆದ್ರೆ ನಾನು ನೋಡಿದೆ ಕಣೇ. ಒಂದು ಅಂಚು ಉಬ್ಬಿತ್ತು."

"ಅದು ಹೋದ ವರ್ಷ ಆ ವಕೀಲರ ವಾಚಲ್ಲಿ ತೋರಿಸಿದ್ದು. ನಿಮಗೆ ಎಲ್ಲಾ ಕಲಸುಮೇಲೋಗರ."

ಇರಬಹುದು. ಎಷ್ಟೆಂದರೂ ನಾನು ಕೊಡೆಯ ಗಿರಾಕಿ. ಸರಿ ಎಂದು ಎದ್ದು ಹೋಗಿ ಟೀ ಮಾಡಿಕೊಂಡು ಎರಡು ಲೋಟ ಹಿಡಿದು ಬಂದರೆ, ಅವಳು ಬಿಳಿ ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು.

"ಏನು ಹುಡುಕ್ತಿದ್ದೀಯ?"

"ಏನಿಲ್ಲ."

ಏನಿಲ್ಲ ಎಂದವಳು ಆಮೇಲೆ ಮೇಜಿನ ಡ್ರಾಯರ್ ಪೂರ್ತಿ ಹೊರಗೆಳೆದಳು. ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದಳು. ಪೆಟ್ರೋಲಿನ ಬಟ್ಟಲನ್ನು ಬಟ್ಟೆಯ ಮೇಲೆ ಸೋಸಿದಳು. ಕೊನೆಗೆ ಆಯಸ್ಕಾಂತ ಹಿಡಿದು ಇಬ್ಬರೂ ನೆಲದ ಮೇಲೆ ಮೊಣಕಾಲೂರಿದೆವು. ಸಿಕ್ಕಿದ್ದು ಒಂದು ಗುಂಡುಸೂಜಿ, ನನ್ನ ಅಂಗಿಯ ಒಂದು ಗುಂಡಿ, ಯಾವುದೋ ಕೈಗಡಿಯಾರದ ಮುರಿದ ಪಿನ್ನು. ಇಲ್ಲದ ಚುಕ್ಕಿಯನ್ನು ಯಾಕೆ ಹುಡುಕುತ್ತಿದ್ದೇವೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ತೊಳೆಯೋಕೆ ಮುಂಚೆ ನೋಡಿದ್ರೆ ಗೊತ್ತಾಗ್ತಿತ್ತು," ಎಂದಳು ನೆಲದ ಮೇಲೆ ಕೂತು. "ಚುಕ್ಕಿ ಮೊನ್ನೆವರೆಗೂ ಇದ್ದಿದ್ರೆ ಅದರ ಅಡಿ ಹಿತ್ತಾಳೆ ಹೊಳೀತಿರುತ್ತೆ, ಸುತ್ತ ಮಾತ್ರ ಕಪ್ಪಾಗಿರುತ್ತೆ. ಯಾವ ಕಾಲದಲ್ಲೋ ತೆಗೆದಿದ್ರೆ ಎಲ್ಲಾ ಒಂದೇ ಥರ ಕಪ್ಪು. ನಾನೇ ತಿಕ್ಕಿ ಅಳಿಸಿಬಿಟ್ಟೆ."

"ಈಗೇನಾಯ್ತು? ನಂದೇ ತಪ್ಪಿರ್ಬೇಕು. ವಕೀಲರ ವಾಚೇ ಇರ್ಬೇಕು ನಾನು ನೋಡಿದ್ದು."

"ನಿಜವಾಗ್ಲೂ?"

ನಾನು ಕಣ್ಣು ಮುಚ್ಚಿ ಜ್ಞಾಪಿಸಿಕೊಂಡೆ. ಉಬ್ಬಿದ ಅಂಚು ಕಂಡಿತು. ಆದರೆ ಅದರ ಹಿಂದೆ ಇದ್ದದ್ದು ನರ್ಸಮ್ಮನ ಬೆಳ್ಳಿ ವಾಚೋ, ವಕೀಲರ ಚಿನ್ನದ ವಾಚೋ? ಕೈಯಲ್ಲಿದ್ದ ಪೇಪರ್ ಮೊನ್ನೆಯದೋ, ಹೋದ ವರ್ಷದ್ದೋ? ಜ್ಞಾಪಿಸಿಕೊಳ್ಳಲು ಹೋದಷ್ಟೂ ಕಲಸಿಹೋಯಿತು. ಒಮ್ಮೆ ಖಂಡಿತ ಮೊನ್ನೆಯೇ ಎನ್ನಿಸಿತು, ಮರುಗಳಿಗೆ ನನಗೇ ಬುದ್ಧಿಭ್ರಮಣೆ ಎನ್ನಿಸಿತು. ಮೂವತ್ತೈದು ವರ್ಷ ಇವಳೆದುರು ಒಂದೇ ಒಂದು ಸಲ ಗೆಲ್ಲಬೇಕೆಂದು ಹಂಬಲಿಸಿದವನು, ಆ ಮಧ್ಯಾಹ್ನ ದೇವರೇ, ಈ ಸಲವೂ ನಾನೇ ಸೋತಿರಲಪ್ಪಾ ಎಂದು ಬೇಡಿಕೊಂಡೆ.

"ನಂಗೆ ಗೊತ್ತಿಲ್ಲ," ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನಲ್ಲಿರಲಿಲ್ಲ.

"ಅಪ್ಪನಿಗೂ ಹೀಗೇ ಶುರುವಾಗಿದ್ದು," ಎಂದಳು. "ಒಂದು ಪುಟ್ಟ ಸ್ಕ್ರೂ. ಇರಲೇ ಇಲ್ಲ ಅಂತ ಮೂರು ದಿನ ಸಾಧಿಸಿದ್ರು. ಅವರ ಜೇಬಲ್ಲೇ ಇತ್ತು."

ನಾನು ಎದ್ದು ನನ್ನ ಜೇಬು, ಅವಳ ಪರ್ಸು, ಬೀರುವಿನಲ್ಲಿದ್ದ ಅವಳ ಕೋಟು, ಎಲ್ಲ ತಡಕಿದೆ. ಏನೂ ಸಿಗಲಿಲ್ಲ. ಸಿಗದ್ದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಮಗಳಿಗೆ ಫೋನ್ ಮಾಡೋಣವೇ ಎಂದರೆ ಬೇಡ ಎಂದಳು. ಡಾಕ್ಟರ ಹತ್ತಿರ ಹೋಗೋಣವೇ ಎಂದರೆ, "ಏನಂತ ಹೇಳೋದು? ಒಂದು ಚುಕ್ಕಿ ಇತ್ತೋ ಇಲ್ವೋ ಗೊತ್ತಾಗ್ತಿಲ್ಲ ಅಂತಾನಾ?" ಎಂದಳು. ಇಬ್ಬರಿಗೂ ನಗು ಬಂತು. ಬಂದ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶನಿವಾರ ನರ್ಸಮ್ಮ ಬಂದರು. ವಾಚು ಕುದುರೆಯ ಹಾಗೆ ಓಡುತ್ತಿತ್ತು, ಟೈಮು ಸರಿಯಾಗಿತ್ತು. ಕೊಟ್ಟು ಕಳಿಸಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಾನಂತೂ ಡಬ್ಬಿಯಲ್ಲಿಟ್ಟು ಕೈಗೆ ಕೊಟ್ಟೇಬಿಟ್ಟಿದ್ದೆ. ಆದರೆ ನನ್ನ ಹೆಂಡತಿ ಮೇಜಿನ ಹಿಂದಿನಿಂದ ಎದ್ದು ಬಂದಳು.

"ನರ್ಸಮ್ಮ, ಇಲ್ಲೇ ಒಂದು ಸಲ ಪೂರ್ತಿ ಕೀ ಕೊಟ್ಟು ನೋಡ್ತೀರಾ? ನೀವು ದಿನಾ ಕೊಡೋ ಹಾಗೇ."

ಅವಳು ಏನು ಮಾಡುತ್ತಿದ್ದಾಳೆಂದು ನನಗೆ ತಟ್ಟನೆ ಹೊಳೆಯಿತು. ಚುಕ್ಕಿ ಇದ್ದ ವಾಚು ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲದ್ದು ಬಿಗಿಯಾಗುತ್ತಾ ಬಿಗಿಯಾಗುತ್ತಾ ಹೋಗುತ್ತದೆ. ಹಿತ್ತಾಳೆಯ ಗುರುತು ಅಳಿಸಿಹೋದರೇನು, ದಿನಾ ಕೀ ಕೊಟ್ಟ ಬೆರಳಿಗೆ ಗೊತ್ತಿರುತ್ತದೆ.

"ಟೀ ಕುಡೀತೀರಾ ನರ್ಸಮ್ಮ? ಈಗ ಮಾಡಿದ್ದು, ಬಿಸಿಯಾಗಿದೆ," ಎಂದು ನಾನು ಅಡ್ಡ ಹೋದೆ. "ಕೀ ಎಲ್ಲಾ ಇವಳು ಆಗ್ಲೇ ನೋಡಿದ್ದಾಳೆ. ನಿಮ್ಮ ಮೊಣಕಾಲು ಹೇಗಿದೆ ಈಗ?"

"ಸುಮ್ನಿರಿ ನೀವು," ಎಂದಳು ನನ್ನವಳು.

ನರ್ಸಮ್ಮ ಕೀ ಹಾಕಿ ತಿರುಗಿಸಿದರು. ಕಣ್ಣು ಬೀದಿಯ ಕಡೆ, ಗಮನವೆಲ್ಲ ಬೆರಳಿನಲ್ಲಿ. ತಿರುಗಿಸುತ್ತಾ ಹೋದರು. ಹುಬ್ಬು ಗಂಟಿಕ್ಕಿತು. ನಿಲ್ಲಿಸಿದರು, ಮತ್ತೆ ಸ್ವಲ್ಪ ತಿರುಗಿಸಿದರು.

"ಇದೇನಮ್ಮ, ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗ್ತಿಲ್ಲ? ಮುಂಚೆ ಗೋಡೆಗೆ ಬಡಿದ ಹಾಗೆ ಟಕ್ ಅಂತ ನಿಲ್ತಿತ್ತು. ಈಗ ಬರೀ ಬಿಗಿಯಾಗ್ತಾ ಹೋಗ್ತಿದೆ."

"ಮುಂಚೆ ಅಂದ್ರೆ? ನಿಮ್ಮ ಯಜಮಾನ್ರ ಕಾಲದಲ್ಲಾ?"

"ಯಜಮಾನ್ರ ಕಾಲ ಯಾಕೆ, ಸ್ಪ್ರಿಂಗ್ ಮುರಿಯೋ ಹಿಂದಿನ ದಿನ. ಹೊಸ ಸ್ಪ್ರಿಂಗ್ ಅಲ್ವಾ, ಅದಕ್ಕಿರ್ಬೇಕು."

ಹೌದು, ಹೊಸ ಸ್ಪ್ರಿಂಗ್, ಅದಕ್ಕೇ ಎಂದುಬಿಡಬಹುದಿತ್ತು. ನರ್ಸಮ್ಮ ತಾವೇ ದಾರಿ ತೋರಿಸಿದ್ದರು. ನಾನು ಹೆಂಡತಿಯ ಮುಖ ನೋಡಿದೆ.

"ಅದಕ್ಕಲ್ಲ," ಎಂದಳು ಅವಳು, ಧ್ವನಿ ಒಂದಿಷ್ಟೂ ಅಲುಗದೆ. "ಇದರೊಳಗಿನ ಒಂದು ಚಿಕ್ಕ ತುಂಡನ್ನು ನಾನು ಕಳೆದುಬಿಟ್ಟಿದ್ದೀನಿ. ವಾಚು ಬಿಟ್ಟು ಹೋಗಿ. ಅದನ್ನ ನಾನೇ ಮಾಡಿ ಹಾಕ್ತೀನಿ."

"ಅಷ್ಟು ಚಿಕ್ಕದು ಕಳೆಯದೆ ಇರುತ್ತಾ? ನಾನು ಥರ್ಮಾಮೀಟರ್‌ಗಳನ್ನೇ ಕಳೆದೋಳು," ಎಂದು ನರ್ಸಮ್ಮ ನಕ್ಕರು. ನಾನು ಕೊಟ್ಟ ಟೀ ಕುಡಿದು, ಸಕ್ಕರೆ ಜಾಸ್ತಿ ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಅವಳು ಒಂದು ತೆಳು ಉಕ್ಕಿನ ತುಂಡು ಹುಡುಕಿ ತೆಗೆದು, ಸೂಜಿಮೊನೆಯಲ್ಲಿ ಚುಕ್ಕಿಯ ಗೆರೆ ಕೊರೆದು, ಕೈ ಇಕ್ಕಳಕ್ಕೆ ಸಿಕ್ಕಿಸಿ ಅರ ತಿಕ್ಕತೊಡಗಿದಳು. ನನಗೆ ಬೆಪ್ಪು ಹಿಡಿದಿತ್ತು. ತಲೆಯೊಳಗೆ ಏನು ಅಳಿಸುತ್ತಿದೆಯೋ ಗೊತ್ತಿಲ್ಲ, ಕೈ ಮಾತ್ರ ಎಂದಿನ ಹಾಗೇ ಇತ್ತು. ಅರ ಒಂದು ಕೂದಲೆಳೆ ಆಚೆ ಹೋಗುತ್ತಿರಲಿಲ್ಲ. ಇಂಥ ಕೈಯಿದ್ದವಳಿಗೆ ಏನಾಗಲು ಸಾಧ್ಯ ಎಂದು ಒಂದು ಗಳಿಗೆ, ಮಾವನವರ ಕೈಯೂ ಕೊನೆಯ ತನಕ ಹೀಗೇ ಇತ್ತಲ್ಲ ಎಂದು ಇನ್ನೊಂದು ಗಳಿಗೆ. ಗೆದ್ದಿದ್ದೆ ನಾನು, ಕೊನೆಗೂ. ಎಲ್ಲಾದರೂ ಹೋಗಿ ಅತ್ತುಬಿಡೋಣ ಎನ್ನಿಸಿತು.

"ಹೋದ ವಾರ," ಎಂದಳು ತಲೆ ಎತ್ತದೆ, "ನನ್ನ ತಂಗಿ ಫೋನ್ ಮಾಡಿದ್ಳಲ್ಲ ಅಂದ್ರಿ. ಇಲ್ಲ, ನಿಮಗೆ ಕನಸು ಬಿದ್ದಿರ್ಬೇಕು ಅಂದೆ ನಾನು."

"ಹೂಂ."

"ಮಾಡಿದ್ಳಾ?"

ಅವಳು ಹಾಗೆಂದಾಗ, ನಾನು ಅಡುಗೆಮನೆಯಿಂದ ಕೇಳಿಸಿಕೊಂಡದ್ದು ಫೋನಿನ ಮಾತಲ್ಲ, ಯಾವುದೋ ಗಿರಾಕಿಯ ಜೊತೆಗಿನ ಮಾತಿರಬೇಕು ಎಂದು ಬಿಟ್ಟುಬಿಟ್ಟಿದ್ದೆ. ಆದರೆ ಗಿರಾಕಿಯನ್ನು ಯಾರು ಪುಟ್ಟೀ ಎಂದು ಕರೆಯುತ್ತಾರೆ? ಆ ಹೆಸರಿನಲ್ಲಿ ಅವಳು ಕರೆಯುವುದು ತಂಗಿಯೊಬ್ಬಳನ್ನೇ.

"ಮಾಡಿದ್ಳು," ಎಂದೆ.

ಅರ ನಿಂತಿತು. "ನಾನು ಮಾತಾಡಿದ್ನಾ?"

"ಬಹಳ ಹೊತ್ತು ಮಾತಾಡಿದೆ."

"ಏನಂತೆ?"

"ಅವಳ ಮಗಳು ಬಸುರಿಯಂತೆ. ಇಷ್ಟು ವರ್ಷ ಆದ್ಮೇಲೆ."

"ಅಯ್ಯೋ, ಹೌದಾ!" ಎಂದು ಅವಳು ಎದ್ದೇ ನಿಂತಳು. ಬಿಳಿ ಬಟ್ಟೆ ಸೊಂಟದಿಂದ ಜಾರಿತು. ಅವಳ ಮುಖ ಅರಳಿತು. ಹೋದ ವಾರವೂ ಹೀಗೇ ಅರಳಿರಬೇಕು, ನಾನು ಅಡುಗೆಮನೆಯಲ್ಲಿದ್ದೆ, ನೋಡಲಿಲ್ಲ. ಎರಡು ಹೆಜ್ಜೆ ಇಟ್ಟು ಫೋನ್ ಎತ್ತಿಕೊಂಡವಳು ನಂಬರ್ ಒತ್ತುವ ಮುಂಚೆ ನಿಂತಳು.

"ನಾನು ಅವತ್ತು ಅವಳಿಗೆ ಏನಂದೆ? ನಿಮಗೆ ನೆನಪಿದ್ರೆ ಹೇಳಿ. ಮತ್ತೆ ಅದನ್ನೇ ಕೇಳಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ."

ನಾನು ಅವಳ ಪಕ್ಕ ಕೂತು, ಗೋಡೆಯಾಚೆಯಿಂದ ಕೇಳಿಸಿದ್ದನ್ನೆಲ್ಲ ಹೇಳಿದೆ. ಎಷ್ಟು ತಿಂಗಳು ಎಂದು ಕೇಳಿದ್ದು, ನಕ್ಕಿದ್ದು, ಮಗುವಿಗೆ ಸ್ವೆಟರ್ ಹೆಣೆದು ಕಳಿಸುತ್ತೇನೆ ಎಂದದ್ದು, ಕೊನೆಗೆ ತಂಗಿಗೆ ನೀನು ಊಟ ಬಿಡಬೇಡ ಎಂದು ಗದರಿದ್ದು. ಅವಳು ಫೋನ್ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಒಂದು ಮಾತಿಗೂ ಇಲ್ಲ ಎನ್ನಲಿಲ್ಲ.